ಗಿರಿಜಾ ಕೇಳಿ ಪಡೆದ ಕಣ

೧೯೮೪ರ ಜೂನ್ ತಿಂಗಳಲ್ಲಿ ನನ್ನನ್ನು ನವಲಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಪ್ರಭಾರಿ ಮುಖ್ಯಾಧ್ಯಾಪಕಿಯಾಗಿ ಹಾಕಿದರು. ಪ್ರಭಾರಿ ಎಂದರೆ ಕೆಲಸವೆಲ್ಲ ಹೆಡ್ ಮಾಸ್ತರರದು, ಪಗಾರ ಮಾತ್ರ ಸಹಶಿಕ್ಷಕಿಯದು. ಮೊರಬದ ಬಸ್ಸು ಹತ್ತಿ, ನಡುವೆ ಇಳಿದು, ಎರೆ ಹೊಲಗಳ ನಡುವೆ ನಡೆದು ಊರು ಸೇರಬೇಕಿತ್ತು. ಮಳೆ ಬಿದ್ದ ದಿನ ಆ ದಾರಿ ಕಾಲನ್ನು ಬಿಟ್ಟುಕೊಟ್ಟರೂ ಚಪ್ಪಲಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಬಹಳ ಜನ ಇದ್ದಾರೆ. ಓದಿದರೆ ನನ್ನನ್ನು ತಿದ್ದಲು ಬರುತ್ತಾರೆ, ಅವರು ತಿದ್ದಲು ಕುಳಿತರೆ ಈ ಬರಹ ಮುಗಿಯುವುದಿಲ್ಲ.

ನಾನು ಧಾರವಾಡದ ಪೇಟೆಯಲ್ಲಿ ಬೆಳೆದವಳು. ಹೊಲವೆಂದರೆ ರೈಲಿನ ಕಿಟಕಿಯಿಂದ ಕಂಡದ್ದಷ್ಟೇ. ಜೋಳದ ಬೆಳೆಗೂ ಕಬ್ಬಿಗೂ ಇರುವ ವ್ಯತ್ಯಾಸವನ್ನು ನನಗೆ ಮೂರನೆಯ ಇಯತ್ತೆಯ ಮಕ್ಕಳು ಕಲಿಸಿದರು, ಕಲಿಸುವಾಗ ನಗದೆ ಇರಲು ಬಹಳ ಕಷ್ಟಪಟ್ಟರು.

ಶಾಲೆಯಲ್ಲಿ ಒಂದರಿಂದ ಏಳರವರೆಗೆ ತರಗತಿಗಳಿದ್ದವು. ಐದು, ಆರು, ಏಳನೆಯ ಇಯತ್ತೆಯ ಮಕ್ಕಳೇ ಶಾಲೆಯ ಕೈಕಾಲು. ಬೆಳಗಿನ ಪ್ರಾರ್ಥನೆ ನಡೆಸುವವರು ಅವರೇ, ಶನಿವಾರದ ಕವಾಯತಿಗೆ ಸಾಲು ಹಚ್ಚುವವರೂ ಅವರೇ. ಮಕ್ಕಳ ಮಂತ್ರಿಮಂಡಳವಿತ್ತು, ಸ್ವಚ್ಛತಾ ಮಂತ್ರಿ ದಿನಾಲೂ ತನ್ನ ಕೈಯಿಂದಲೇ ಕಸ ಹೊಡೆಯುತ್ತಿದ್ದ, ದೊಡ್ಡವರ ಮಂತ್ರಿಮಂಡಳಕ್ಕಿಂತ ಅದು ಎಷ್ಟೋ ವಾಸಿ. ವರ್ಷಕ್ಕೊಮ್ಮೆ ಗ್ಯಾದರಿಂಗ್, ಅಂದರೆ ವಾರ್ಷಿಕ ಸ್ನೇಹ ಸಮ್ಮೇಳನ, ನಡೆದರೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಕೂರುತ್ತಿತ್ತು. ಆದರೆ ಆಟದ ಹೊತ್ತಿಗೆ ಹುಡುಗರು ಕಬಡ್ಡಿಗೆ ಇಳಿದರೆ ಹುಡುಗಿಯರು ಜಗಲಿಯ ಮೇಲೆ ಸಾಲಾಗಿ ಕುಳಿತು ನೋಡುವುದು ವಾಡಿಕೆ. ಯಾರೂ ಅವರಿಗೆ ಆಡಬೇಡಿ ಎಂದಿರಲಿಲ್ಲ, ಆಡಿ ಎಂದೂ ಹೇಳಿರಲಿಲ್ಲ. ಏಳನೆಯ ಇಯತ್ತೆ ಮುಗಿದರೆ ಹೆಣ್ಣುಮಕ್ಕಳ ಶಾಲೆ ಮುಗಿಯಿತು. ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕು, ಅಷ್ಟು ದೂರ ಹೆಣ್ಣುಮಕ್ಕಳನ್ನು ಕಳಿಸುವ ಮಾತೇ ಊರಿನಲ್ಲಿ ಏಳುತ್ತಿರಲಿಲ್ಲ.

ಆ ವರ್ಷ ಹಿಂಗಾರಿ ಮಳೆ ಬಹಳ ಹಿಡಿದದ್ದರಿಂದ ತಾಲೂಕು ಮಟ್ಟದ ಕ್ರೀಡಾಕೂಟ ಜನವರಿಯ ಕೊನೆಗೆ ಹೋಯಿತು. ಹೆಣ್ಣುಮಕ್ಕಳ ಖೋ ಖೋ ತಂಡ ಕಳಿಸದ ಶಾಲೆಯವರು ಕಾರಣ ಬರೆದು ಕೊಡಬೇಕೆಂದು ಮೇಲಿನಿಂದ ಸೂಚನೆಯೂ ಬಂತು. ಹಿಂದಿನವರು ಪ್ರತಿ ವರ್ಷ ಕಾರಣ ಬರೆದು ಕೈ ತೊಳೆದುಕೊಂಡಿದ್ದರು. ನನಗೆ ಕಾರಣ ಬರೆಯುವುದೆಂದರೆ ಮೊದಲಿನಿಂದಲೂ ಮೈಯೆಲ್ಲ ಉರಿ. ನಮ್ಮಲ್ಲಿ ದೇಸಾಯಿ ಮಾಸ್ತರರೆಂಬ ಸಹಶಿಕ್ಷಕರಿದ್ದರು, ಟ್ರೇನಿಂಗ್ ಕಾಲೇಜಿನಲ್ಲಿ ಖೋ ಖೋ ಆಡಿದವರು. ಅವರನ್ನು ಕೇಳಿದೆ. ಅವರ ಕಣ್ಣು ಅರಳಿದ್ದನ್ನು ನೋಡಿಯೇ ಶಾಲಾ ಸುಧಾರಣಾ ಸಮಿತಿಯ ಸಭೆ ಕರೆದೆ.

ಸಮಿತಿಯ ಅಧ್ಯಕ್ಷರು ಮಲ್ಲೇಶಪ್ಪಜ್ಜ. ದೊಡ್ಡ ಹಿಡುವಳಿದಾರರು, ಹಣೆಯ ತುಂಬ ವಿಭೂತಿ, ಪೂಜೆಯಾಗದೆ ನೀರೂ ಮುಟ್ಟದ ಶರಣಜೀವಿ. ಅವರ ಮೊಮ್ಮಗಳು ಗಿರಿಜಾ ನಮ್ಮ ಏಳನೆಯ ಇಯತ್ತೆಯಲ್ಲಿದ್ದಳು. ಸಭೆಯಲ್ಲಿ ಒಬ್ಬರು ಗಂಟಲು ಸರಿಪಡಿಸಿಕೊಂಡು, "ಹೆಣ್ಮಕ್ಕಳು ಓಡ್ಯಾಡಿ ಬಿದ್ದು ಕೈಕಾಲ ಮುರಕೊಂಡ್ರ ಮುಂದ ಅವರನ್ನ ಯಾರ ಮಾಡಿಕೊಳ್ತಾರ್ರಿ ಅಕ್ಕೋರ?" ಎಂದರು. ಆ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ.

ನಾನು ಬಾಯಿ ತೆರೆಯುವ ಮೊದಲೇ ಮಲ್ಲೇಶಪ್ಪಜ್ಜ ಹೇಳಿದರು: "ಹತ್ತಿ ಬಿಡಸಾಕ ಲಗೂ ಬರ್ರಿ, ಓಡಿ ಬರ್ರಿ ಅಂತ ಹೊಲದಾಗ ನಾವs ಒದರತೇವಿ. ಅಲ್ಲೆ ಬಿದ್ರ ಮುರಿಯೂದಿಲ್ಲೇನೋ? ಅಕ್ಕೋರ, ನಮ್ಮ ಗಿರಿಜಾನ ಹೆಸರು ಮೊದಲ ಬರಕೋರ್ರಿ. ನಾ ಕುಂತು ನೋಡತೇನಿ, ಯಾರ ಏನಂತಾರ ನೋಡೂಣು."

ಯಾರೂ ಏನೂ ಅನ್ನಲಿಲ್ಲ. ಒಂದು ವಾರದಲ್ಲಿ ಏಳನೆಯ ಇಯತ್ತೆಯ ಹನ್ನೆರಡು ಹುಡುಗಿಯರ ತಂಡವಾಯಿತು. ಗಿರಿಜಾ ಕ್ಯಾಪ್ಟನ್ ಆದಳು. ಎಲ್ಲರಿಗಿಂತ ಚುರುಕಾಗಿ ಓಡುತ್ತಿದ್ದವಳು ಸುಜಾತಾ. ಅವಳ ತಂದೆ ಪರಸಪ್ಪ ಅಂಚೆ ಕಚೇರಿಯಲ್ಲಿ ಟಪಾಲು ಹಂಚುವ ಕೆಲಸ ಮಾಡುತ್ತಿದ್ದರು. ಅವರದು ಬೌದ್ಧ ಮನೆತನ; ಮಗಳನ್ನು ಆಡಲು ಕಳಿಸುತ್ತೀರಾ ಎಂದು ಕೇಳಲು ಹೋದಾಗ, "ಕೇಳಾಕ ಬಂದೀರಲ್ರಿ, ಅದs ದೊಡ್ಡದು" ಎಂದು ಚಹಾ ಕೊಟ್ಟು ಕಳಿಸಿದ್ದರು.

ಇನ್ನು ಅಂಗಳದ ಪ್ರಶ್ನೆ. ಎರೆ ನೆಲದ ಸ್ವಭಾವ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಅದು ಕೆಸರು, ಬಿಸಿಲು ಬಿದ್ದರೆ ಬಾಯಿಬಿಡುತ್ತದೆ. ಡಿಸೆಂಬರ್ ಹೊತ್ತಿಗೆ ಶಾಲೆಯ ಬಯಲಿನಲ್ಲಿ ಹುಡುಗಿಯರ ಕಾಲು ಕಣಕಾಲಿನವರೆಗೆ ಇಳಿಯುವಂಥ ಬಿರುಕುಗಳಿದ್ದವು. ಹಾಗೆಯೇ ಓಡಿಸಿದರೆ ಸಭೆಯಲ್ಲಿ ಹೆದರಿಸಿದವರ ಮಾತು ನಿಜವಾಗುವುದು ಖಂಡಿತ. ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಹುಡುಗಿಯರೇ, "ಅಕ್ಕೋರ, ನಮಗ ಗೊತ್ತೈತ್ರಿ, ನಾವು ಮಾಡತೇವಿ" ಎಂದರು.

ನಿಜಕ್ಕೂ ಅವರಿಗೆ ಗೊತ್ತಿತ್ತು. ತಮ್ಮ ಮನೆಗಳಲ್ಲಿ ರಾಶಿ ಮಾಡುವ ಕಣವನ್ನು ಹೇಗೆ ಸಿದ್ಧಮಾಡುತ್ತಾರೋ ಹಾಗೆಯೇ ಮಾಡಿದರು. ಕಣವೆಂದರೆ ಬೆಳೆಯನ್ನು ತುಳಿಸಿ ಕಾಳು ಬೇರ್ಪಡಿಸುವ, ಎಂದರೆ ರಾಶಿ ಮಾಡುವ, ಅಂಗಳ. ಹಳ್ಳದ ಉಪ್ಪು ನೀರನ್ನು ಬ್ಯಾರಲ್ ಗಾಡಿಯಲ್ಲಿ ತಂದು ನೆಲಕ್ಕೆ ಕುಡಿಸಿದರು. ಮಲ್ಲೇಶಪ್ಪಜ್ಜ ಎತ್ತು ಕಳಿಸಿದರು, ಕಲ್ಲಿನ ಗುಂಡು ಕಳಿಸಿದರು. ಹೊಟ್ಟು ಹರಡಿ ಗುಂಡು ಉರುಳಿಸಿ, ಒಣಗಿದ ಮೇಲೆ ಹುಡುಗಿಯರು ಲಂಗ ಎತ್ತಿ ಸಿಕ್ಕಿಸಿಕೊಂಡು ಸಗಣಿ ಸಾರಿಸಿದರು. ಅದು ಸುಮ್ಮನೆ ಒಂದೆರಡು ದಿನದ ಕೆಲಸವಲ್ಲ. ಮುಗಿದಾಗ ಆ ನೆಲ ಎಷ್ಟು ನುಣುಪಾಗಿತ್ತೆಂದರೆ ನನಗೆ ಅದರ ಮೇಲೆ ಕುಳಿತು ಊಟ ಮಾಡಬೇಕೆನಿಸಿತು. ಖೋ ಖೋ ಆಟಕ್ಕೆ ಎರಡು ತುದಿಗೆ ಎರಡು ಕಂಬ ಬೇಕು. ಅವನ್ನೂ ಮಲ್ಲೇಶಪ್ಪಜ್ಜನೇ ತಮ್ಮ ಮನೆಯ ಅಟ್ಟದಿಂದ ಇಳಿಸಿ ಕಳಿಸಿದರು. ಇದ್ದುದರಲ್ಲಿ ಗಟ್ಟಿಯಾದ, ನೇರವಾದ ಕಂಬಗಳು.

ಸಂಕ್ರಮಣ ಕಳೆದ ಸೋಮವಾರ ಅಂಗಳದ ಉದ್ಘಾಟನೆ ಇಟ್ಟುಕೊಂಡೆವು. ರಿಬ್ಬನ್ ಕತ್ತರಿಸುವುದು ಬೇಡ, ಹಿರಿಯರು ಒಂದು ಕಾಯಿ ಒಡೆಯಲಿ ಎಂದು ನಾನೇ ಸೂಚಿಸಿದೆ. ಮಲ್ಲೇಶಪ್ಪಜ್ಜ ಮೂಡಣ ಕಡೆಯ ಕಂಬದ ಮುಂದೆ ಕುಳಿತರು. ಕಂಬಕ್ಕೆ ನೀರು ಹಾಕಿ ತೊಳೆದು ವಿಭೂತಿ ಹಚ್ಚಿದರು. ಬುಡದಲ್ಲಿ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕಪ್ಪನನ್ನು ಇಟ್ಟರು. ಪಕ್ಕದ ಹೊಲದಿಂದ ಜೋಳದ ತೆನೆ ತರಿಸಿ ಕಂಬದ ತುದಿಗೆ ಕಟ್ಟಿದರು. ಕಾಯಿ ಒಡೆದು ಕಣ್ಣು ಮುಚ್ಚಿ ಕೈಮುಗಿದರು. ಎಷ್ಟು ಭಕ್ತಿ, ಎಷ್ಟು ಅಚ್ಚುಕಟ್ಟು! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟದೆ ಒಬ್ಬರ ಮುಖ ಒಬ್ಬರು ನೋಡಿಕೊಂಡವರು ಹುಡುಗಿಯರು ಮಾತ್ರ. ನಾನು ಅದನ್ನು ನಾಚಿಕೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹನ್ನೆರಡು ಹುಡುಗಿಯರೂ ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದಾರೆ. ದೇಸಾಯಿ ಮಾಸ್ತರರು ಸೀಟಿ ಊದಿ ಊದಿ ಕೆಂಪಾಗಿದ್ದಾರೆ. ಒಬ್ಬಳೂ ಒಳಗೆ ಕಾಲಿಡುವುದಿಲ್ಲ.

"ಯಾಕ್ರೇ?" ಎಂದೆ.

ಗಿರಿಜಾ ತಲೆ ತಗ್ಗಿಸಿ ಹೇಳಿದಳು: "ಯಜ್ಜ ಮೇಟಿ ಪೂಜಾ ಮಾಡ್ಯಾನಲ್ರಿ ಅಕ್ಕೋರ. ಇನ್ನ ಇದು ಕಣಾ ಆತು. ರಾಶಿ ಆಗೂತನಕಾ ಹೆಣ್ಮಕ್ಕಳು ತುಳಿಯಂಗಿಲ್ಲ."

ಮೇಟಿ ಎಂದರೆ ಕಣದ ನಡುವೆ ನೆಡುವ ಕಂಬ. ಅದರ ಸುತ್ತ ಎತ್ತುಗಳನ್ನು ಹೂಡಿ ಬೆಳೆ ತುಳಿಸುತ್ತಾರೆ. ಅದಕ್ಕೆ ಹಂತಿ ಎಂದು ಹೆಸರು. ಮೇಟಿಗೆ ಪೂಜೆಯಾದ ಮೇಲೆ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಹೆಣ್ಣುಮಕ್ಕಳು ಕಾಲಿಡುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ. ಅವರಿಗೆ ಇದು ಹೊಸದೇನೂ ಅಲ್ಲ, ಮನೆಯಲ್ಲಿ ಪ್ರತಿ ವರ್ಷ ನಡೆಯುವುದು. ನಾನು ಮೊದಲು ನಕ್ಕೆ. ಪೂಜೆಯಾದದ್ದು ಒಂದೇ ಕಂಬಕ್ಕೆ, ಇನ್ನೊಂದು ಕಂಬದ ಕಡೆ ಆಡಿ ಎಂದು ಪೇಟೆಯ ಜಾಣತನ ತೋರಿಸಿದೆ. ಸುಜಾತಾ ನನ್ನತ್ತ ಕನಿಕರದಿಂದ ನೋಡಿ, "ಕಣಾ ಅರ್ಧಾ ಆಗತೈತೇನ್ರಿ ಅಕ್ಕೋರ?" ಎಂದಳು. ಆಮೇಲೆ ನಾನು ನಗಲಿಲ್ಲ.

ಕ್ರೀಡಾಕೂಟಕ್ಕೆ ಉಳಿದದ್ದು ಒಂಬತ್ತು ದಿನ. ನೇರವಾಗಿ ಮಲ್ಲೇಶಪ್ಪಜ್ಜನ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತಿದ್ದವರು ನನ್ನ ಮಾತು ಕೇಳಿ ಹಣೆ ಹಣೆ ಬಡಿದುಕೊಂಡರು.

"ಅಕ್ಕೋರ, ಅದು ನಮ್ಮ ಮನಿ ಹಳೇ ಮೇಟಿ ಕಂಬರಿ. ಛಲೋ ಕಟಗಿ ಐತಿ ಅಂತ ಕೊಟ್ಟೆ. ಅದರ ಮುಂದ ಕುಂತ ಕೂಡ್ಲೆ ಕೈ ತನ್ನ ಪಾಡಿಗೆ ತಾ ಎಲ್ಲಾ ಮಾಡಿಬಿಟ್ಟಿತ್ರಿ. ನಲವತ್ತ ವರ್ಷದ ರೂಢಿ."

"ಹಂಗಾದ್ರ ಕಿತ್ತಬಿಡೂಣ್ರಿ. ಬ್ಯಾರೆ ಕಂಬ ನೆಡೂಣು."

"ರಾಶಿ ಇಲ್ಲದ ಮೇಟಿ ಕೀಳಬಾರದ್ರಿ." ಅವರು ಮೆಲ್ಲಗೆ ಹೇಳಿದರು: "ನನ್ನ ಮಾತು ಬಿಡ್ರಿ, ನಾ ಹಳೇ ಮನಷಾ. ಆದ್ರ ನಾಳೆ ಊರಾಗ ಒಂದ ಎತ್ತು ಮುಗ್ಗರಿಸಿದ್ರೂ ಹುಡುಗ್ಯಾರ ಆಟದ ಮ್ಯಾಲs ಹಾಕತಾರ. ಮುಂದಿನ ವರ್ಷ ಈ ಸಮಿತಿಯಾಗ ಆಟದ ಹೆಸರು ಎತ್ತಾಕ ಬರಂಗಿಲ್ಲ."

ಅವರ ಮಾತು ನನಗೆ ಸಿಟ್ಟು ತರಿಸಿತು, ಏಕೆಂದರೆ ಅದು ಸರಿಯಾಗಿತ್ತು. ಬೇರೆ ಅಂಗಳ ಮಾಡಲು ಹಳ್ಳದಲ್ಲಿ ನೀರು ಉಳಿದಿರಲಿಲ್ಲ. ಕೆರೆಯದು ಕುಡಿಯುವ ನೀರು, ಅದನ್ನು ನೆಲಕ್ಕೆ ಸುರಿಯಲು ಯಾರೂ ಬಿಡರು, ನಾನೂ ಕೇಳಲಾರೆ. ಶಾಲೆಗೆ ಮರಳಿದರೆ ಏಳನೆಯ ಇಯತ್ತೆಯ ಗಂಡುಹುಡುಗರ ತಂಡ ಬಾಗಿಲಲ್ಲಿ ನಿಂತಿತ್ತು. "ಅಕ್ಕೋರ, ನಾವು ಆಡತೇವ್ರಿ. ನಮಗ ನಡೀತೈತಿ" ಎಂದರು, ಅಗದಿ ಪ್ರೀತಿಯಿಂದ. ಹುಡುಗಿಯರು ನೀರು ತಂದು, ಸಗಣಿ ಸಾರಿಸಿ ಮಾಡಿದ ಅಂಗಳ! ಅಂದು ನಾನು ಬೈದ ಬೈಗುಳವನ್ನು ಅವರು ಈಗ ಮೀಸೆ ನರೆತ ಮೇಲೂ ನೆನಪಿಟ್ಟಿದ್ದಾರೆ.

ಇನ್ನೊಂದು ದಾರಿ ತೋಚಿತು. ಸುಜಾತಾಳ ಮನೆಯವರಿಗೆ ಮೇಟಿ, ಬೆನಕಪ್ಪನ ಕಟ್ಟಳೆ ಇಲ್ಲ. ಅವಳು ಮೊದಲು ಒಳಗೆ ಕಾಲಿಟ್ಟರೆ ಉಳಿದವರ ಅಂಜಿಕೆ ಹೋದೀತು. ಪರಸಪ್ಪನವರನ್ನು ಕೇಳಿದೆ. ಅವರು ಟಪಾಲಿನ ಚೀಲವನ್ನು ಗೂಟಕ್ಕೆ ಹಾಕಿ ಹೇಳಿದರು: "ಅಕ್ಕೋರ, ನಮಗ ಆ ಕಂಬಾ ಬರೇ ಕಟಗಿರಿ. ಆದ್ರ ಎಲ್ಲಾರ ಮಕ್ಕಳು ಅಂಚಿಗೆ ನಿಂತಾಗ ನನ್ನ ಮಗಳೊಬ್ಬಾಕಿನ್ನ ಮುಂದ ದಬ್ಬಬ್ಯಾಡ್ರಿ. ಎಲ್ಲಾರೂ ಕಾಲ ಇಡೂ ದಿನಾ ಆಕೀನೂ ಇಡತಾಳ. ಅದಕಿಂತ ಮೊದಲ ಬ್ಯಾಡ, ಆಮ್ಯಾಲೂ ಬ್ಯಾಡ." ಅವರಿಗೆ ಊರು ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಮಲ್ಲೇಶಪ್ಪಜ್ಜನೇ ಶಾಲೆಗೆ ಬಂದರು. ಕಂಬಕ್ಕೆ ರಾಶಿ ಬೇಕಲ್ಲವೇ, ತಾವೇ ಈ ಅಂಗಳದಲ್ಲಿ ರಾಶಿ ಮಾಡುತ್ತೇವೆ, ಅದು ಮುಗಿದರೆ ಕಟ್ಟಳೆಯೂ ಮುಗಿಯಿತು ಎಂದರು. ಊರ ಹತ್ತಿರದ ಹೊಲದಲ್ಲಿ ಅವರ ಕಡಲೆ ನಿಂತಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ. ಈಗಲೇ ಕಿತ್ತರೆ ಕಾಳು ಸುಕ್ಕುಗಟ್ಟುತ್ತದೆ. ಮಗ ಶೇಖಪ್ಪ, ಎಂದರೆ ಗಿರಿಜಾಳ ತಂದೆ, ಮುಖ ಗಂಟಿಕ್ಕಿದ. ಹಿರಿಯರು ಲೆಕ್ಕಿಸಲಿಲ್ಲ. "ತಪ್ಪು ನನ್ನ ಕೈಯಿಂದ ಆಗೇತಿ, ನನ್ನ ಹೊಲದಿಂದs ಹೋಗಲಿ" ಎಂದರು.

ಕಡಲೆ ಕಿತ್ತು ಒಟ್ಟಿದರು. ಬೆಳಗಿನ ಇಬ್ಬನಿ ಬಿದ್ದು ಒಟ್ಟಿಲು ತೊಯ್ಯುವುದು, ಮಧ್ಯಾಹ್ನ ಒಣಗುವುದು, ಮತ್ತೆ ತೊಯ್ಯುವುದು. ಅಷ್ಟರಲ್ಲಿ ದಿನಗಳು ಸರಿಯುತ್ತಿದ್ದವು. ದೇಸಾಯಿ ಮಾಸ್ತರರು ಹುಡುಗಿಯರನ್ನು ಶಾಲೆಯ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಬೆನ್ನು ಮುಟ್ಟಿ ಖೋ ಕೊಡುವುದನ್ನು ಕಲಿಸಿದರು, ಗಾಡಿ ದಾರಿಯಲ್ಲಿ ಓಡಿಸಿದರು. ಆದರೆ ಕಂಬ ಹಿಡಿದು ಗಿರಕ್ಕನೆ ತಿರುಗುವುದು ಖೋ ಖೋ ಆಟದ ಜೀವ. ಅದನ್ನು ಜಗಲಿಯ ಕಂಬ ಹಿಡಿದು ಕಲಿಸಲು ಹೋಗಿ ಒಬ್ಬಳ ತಲೆಗೆ ಬುಗುಟಿ ಎದ್ದಿತು.

ಕ್ರೀಡಾಕೂಟ ಗುರುವಾರ. ಸೋಮವಾರ ಹಂತಿ ಹೂಡಿದರು. ನಾನೂ ಹುಡುಗಿಯರೂ ಅಂಚಿನಲ್ಲಿ ನಿಂತು ನೋಡಿದೆವು. ಎತ್ತುಗಳು ಮೇಟಿಯ ಸುತ್ತ ತಿರುಗಿದಂತೆ ಕಡಲೆ ಗಿಡ ಪುಡಿಯಾಯಿತು. ಇನ್ನು ತೂರಬೇಕು. ತೂರುವುದೆಂದರೆ ಎತ್ತರಕ್ಕೆ ನಿಂತು ಬುಟ್ಟಿಯಿಂದ ಸುರಿಯುವುದು. ಗಾಳಿ ಹೊಟ್ಟನ್ನು ಒಯ್ದು ಕಾಳನ್ನು ಬಿಡುತ್ತದೆ. ಆದರೆ ಮಂಗಳವಾರ ಬೆಳಿಗ್ಗೆಯಿಂದ ಎಲೆ ಅಲುಗಲಿಲ್ಲ. ಬಯಲು ಸೀಮೆಯಲ್ಲಿ ಬೇಡವೆಂದಾಗ ಕಣ್ಣಿಗೆ ಮಣ್ಣು ತೂರುವ ಗಾಳಿ ಅಂದು ಎಲ್ಲಿಗೆ ಹೋಗಿತ್ತೋ. ಶೇಖಪ್ಪ ಬುಟ್ಟಿ ಹಿಡಿದು ನಿಂತಿದ್ದ, ಹಿರಿಯರು ಆಕಾಶ ನೋಡುತ್ತಿದ್ದರು, ನಾನು ಶಾಲೆಯ ಕಿಟಕಿಯಿಂದ ಅವರಿಬ್ಬರನ್ನೂ ನೋಡುತ್ತಿದ್ದೆ. ಗಾಳಿ ಕಾಯುವುದು ಪಾಠ ಮಾಡುವುದಕ್ಕಿಂತ ಆಯಾಸದ ಕೆಲಸ.

ಮಧ್ಯಾಹ್ನ ಇಳಿದ ಮೇಲೆ ಸ್ವಲ್ಪ ಗಾಳಿ ಬಂತು. ಒಂದು ಸಣ್ಣ ಗುಡ್ಡೆಯಷ್ಟು ಕಾಳು ತೂರಿದರು, ಮತ್ತೆ ಗಾಳಿ ನಿಂತಿತು. ತೂರದೆ ಉಳಿದದ್ದು ಅದರ ಮೂರು ಪಟ್ಟು. ಅದೆಲ್ಲ ತೂರಿ, ಚೀಲ ತುಂಬಿ ಕಣ ಖಾಲಿಯಾಗದೆ ಮೇಟಿಗೆ ಬಿಡುಗಡೆಯಿಲ್ಲ. ಅದಕ್ಕೆ ಇನ್ನೂ ಎರಡು ದಿನವಾದರೂ ಬೇಕು. ನಾನು ಮನಸ್ಸಿನಲ್ಲೇ ಕಾರಣ ಬರೆಯಲು ಶುರುಮಾಡಿದ್ದೆ. ದುಃಖವಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಮಾನ.

ತೂರಿದ ಕಾಳಿಗೆ ಮಲ್ಲೇಶಪ್ಪಜ್ಜ ಪೂಜೆ ಮಾಡಿದರು. ಪೂಜೆಯಾದ ಮೇಲೆ ಮೊದಲ ಕಾಳು ಹಂಚುವುದು ಪದ್ಧತಿ. ವರ್ಷವಿಡೀ ನೇಗಿಲು ಕೂರಿಗೆ ಮಾಡಿಕೊಟ್ಟ ಬಡಿಗ, ಕಮ್ಮಾರ, ಜಂಗಮಯ್ಯನವರು, ಹಾದಿಹೋಕರು, ಯಾರೇ ಬಂದು ಕಣದ ಅಂಚಿನಲ್ಲಿ ನಿಂತು ಕೇಳಲಿ, ಕೊಡಬೇಕು. ರಾಶಿಯ ಮುಂದೆ "ಇಲ್ಲ" ಎಂಬ ಮಾತು ಬಾಯಿಂದ ಹೊರಡಬಾರದು. ಹಾಗೆಂದುಬಿಟ್ಟರೆ ಕಾಳು ಹುಲುಸಾಗಿ ಒದಗುವುದಿಲ್ಲ, ಅದಕ್ಕೆ ಬರಕತ್ತು ಇರುವುದಿಲ್ಲವಂತೆ. ಜನ ಸಾಲಾಗಿ ಬಂದು ಸೆರಗಿಗೆ, ಹೆಗಲ ವಲ್ಲಿಗೆ ಕಾಳು ಹಾಕಿಸಿಕೊಂಡು ಹೋಗುತ್ತಿದ್ದರು.

ಆ ಸಾಲಿನ ಕೊನೆಯಲ್ಲಿ ಲಂಗದ ಮುಂಭಾಗವನ್ನು ಉಡಿಯಂತೆ ಹಿಡಿದು ಗಿರಿಜಾ ನಿಂತಿದ್ದಳು.

ಜನ ನಕ್ಕರು. ಶೇಖಪ್ಪ, "ಲೇ ಗಿರಿಜಾ, ಏನs ಇದು ಹುಡುಗಾಟಾ? ನಡಿ ಮನಿಗೆ" ಎಂದ. ಮಲ್ಲೇಶಪ್ಪಜ್ಜನೂ ಮೊರ ಹಿಡಿದುಕೊಂಡೇ ನಕ್ಕರು.

"ನಿನಗ್ಯಾಕ ತಂಗಿ? ಈ ಕಾಳೆಲ್ಲಾ ನಿನ್ನ ಮನಿಗೇ ಬರೂದಲ್ಲ?"

"ಕಾಳು ಬ್ಯಾಡ್ರಿ."

ನನ್ನ ಕಿವಿ ನಿಮಿರಿತು. ಮನೆಯಲ್ಲಿ ಅಜ್ಜನಿಗೆ "ನೀ" ಎನ್ನುವ ಹುಡುಗಿ ಬಹುವಚನ ಹಚ್ಚಿದ್ದಳು.

"ಮತ್ತೇನ ಬೇಕು?"

"ಈ ಕಣಾ ಬೇಕ್ರಿ. ನಮ್ಮ ಹನ್ನೆರಡೂ ಮಂದಿಗೆ."

ನಗು ನಿಂತಿತು. ಮಲ್ಲೇಶಪ್ಪಜ್ಜ ಮೊರ ಕೆಳಗಿಟ್ಟರು. "ಮುಂಜಾನಿಂದ ನನ್ನ ಮುಂದs ಓಡ್ಯಾಡಾಕತ್ತಿದ್ದಿ. ಮನ್ಯಾಗ ಕೇಳಬಾರದಿತ್ತೇನು?"

"ಮನ್ಯಾಗ ಕೇಳಿದ್ರ ನೀವು ಇಲ್ಲ ಅಂತಿದ್ರಿ," ಎಂದಳು ಗಿರಿಜಾ. ಉಡಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಕಣದಾಗ ಕೇಳಾಕತ್ತೇನ್ರಿ."

ಹಿರಿಯರು ಮೊಮ್ಮಗಳನ್ನು ನೋಡಿದರು, ರಾಶಿಯನ್ನು ನೋಡಿದರು, ತೆನೆ ಕಟ್ಟಿದ ಮೇಟಿಯನ್ನು ನೋಡಿದರು. ಆಮೇಲೆ ಬಗ್ಗಿ ಮೊರದ ತುಂಬ ಕಡಲೆ ತುಂಬಿಕೊಂಡು ಅಂಚಿನವರೆಗೆ ಬಂದು ಅವಳ ಉಡಿಗೆ ಸುರಿದರು. ಎಲ್ಲರಿಗೂ ಕೇಳುವಂತೆ ಹೇಳಿದರು: "ಕೊಟ್ಟೆ."

ಶೇಖಪ್ಪ ಚಡಪಡಿಸಿದ. "ಅಪ್ಪಾ, ರಾಶಿ ಇನ್ನೂ ಅರ್ಧಾ ಆಗಿಲ್ಲ."

"ಕೊಟ್ಟಾತಲ್ಲೋ. ಇನ್ನೊಬ್ಬರ ಕಣದಾಗ ನಮ್ಮ ಹೊಟ್ಟು ಯಾಕ ಬೀಳಬೇಕು? ಗಾಡಿ ಹೂಡು. ಉಳಿದದ್ದು ಮನಿ ಮುಂದ ತೂರೂಣು."

"ಮತ್ತ ಹೆಣ್ಮಕ್ಕಳು ತುಳಿಯೂದು?" ಎಂದು ಸಾಲಿನಲ್ಲಿದ್ದ ಒಬ್ಬ ಮುದುಕ ಕೇಳಿದ. ಕೇಳಿದ್ದು ಜಗಳಕ್ಕಲ್ಲ, ನಿಜವಾಗಿಯೂ ತಿಳಿಯದೆ.

"ಕಣಾ ಆಕಿದು," ಎಂದರು ಮಲ್ಲೇಶಪ್ಪಜ್ಜ. "ಯಾರು ತುಳೀಬೇಕು, ಯಾರು ತುಳೀಬಾರದು ಅಂತ ಆಕೀನ ಕೇಳಪಾ."

ಎಲ್ಲರೂ ಗಿರಿಜಾಳ ಕಡೆ ತಿರುಗಿದರು. ಅವಳು ಉಡಿಯ ಕಡಲೆಯನ್ನು ಆ ಮುದುಕನ ವಲ್ಲಿಗೆ ಸುರಿದು, ಸುಜಾತಾಳ ಕೈ ಹಿಡಿದಳು. ಉಳಿದ ಹುಡುಗಿಯರೂ ಒಬ್ಬರ ಕೈ ಒಬ್ಬರು ಹಿಡಿದರು. ಹನ್ನೆರಡು ಜನ ಒಂದೇ ಸಾಲಿನಲ್ಲಿ, ಯಾರೂ ಮುಂದಿಲ್ಲದೆ, ಯಾರೂ ಹಿಂದಿಲ್ಲದೆ ಒಳಗೆ ಕಾಲಿಟ್ಟರು. ಜನರ ನಡುವೆ ನಿಂತಿದ್ದ ಪರಸಪ್ಪ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ನಾನು ಸಂತೋಷ ತಡೆಯಲಾರದೆ ಅವರ ಹಿಂದೆಯೇ ನುಗ್ಗಿದೆ.

"ಅಕ್ಕೋರ!" ಎಂದಳು ಗಿರಿಜಾ. "ಚಪ್ಪಲಿ ಕಳದ ಬರ್ರಿ."

ನನ್ನ ನೌಕರಿಯಲ್ಲಿ ಅಷ್ಟು ಲಗುಬಗೆಯಿಂದ ಪಾಲಿಸಿದ ಆದೇಶ ಇನ್ನೊಂದಿಲ್ಲ.

ಬುಧವಾರ ಇಡೀ ದಿನ ಶಾಲೆಯಲ್ಲಿ ಪಾಠವಿರಲಿಲ್ಲ. ಹುಡುಗಿಯರು ಕಂಬ ಹಿಡಿದು ತಿರುಗಿದ್ದೇ ತಿರುಗಿದ್ದು. ಗಂಡುಹುಡುಗರು ಜಗಲಿಯ ಮೇಲೆ ಸಾಲಾಗಿ ಕುಳಿತು ನೋಡಿದರು. ಗುರುವಾರ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನವಲಗುಂದಕ್ಕೆ ಹೋದೆವು. ಮೊದಲ ಪಂದ್ಯ ಗೆದ್ದೆವು. ಎರಡನೆಯದರಲ್ಲಿ ಪೇಟೆಯ ಶಾಲೆಯ ತಂಡ ನಮ್ಮನ್ನು ಚೆನ್ನಾಗಿಯೇ ಸೋಲಿಸಿತು. ಅವರು ಬೂಟು ಹಾಕಿದ್ದರು, ನಮ್ಮವರು ಬರಿಗಾಲಲ್ಲಿದ್ದರು. ಆದರೆ ಸೋತದ್ದು ಅದಕ್ಕಲ್ಲ, ಅವರು ಚೆನ್ನಾಗಿ ಆಡಿದರು. ಸುಜಾತಾ ಒಬ್ಬಳನ್ನು ಮಾತ್ರ ಅವರಿಂದ ಕೊನೆಯವರೆಗೆ ಹಿಡಿಯಲಾಗಲಿಲ್ಲ.

ಊರಿಗೆ ಮರಳುವಾಗ ಹುಡುಗಿಯರು ಹಾಡುತ್ತಿದ್ದರು. ಗಿರಿಜಾ ನನ್ನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು. ಎರಡು ದಿನದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ. ರಾಶಿಯ ಮುಂದೆ ಏನು ಕೇಳಿದರೂ ಅಜ್ಜ ಇಲ್ಲ ಎನ್ನುವಂತಿರಲಿಲ್ಲ. ಇನ್ನು ಎರಡು ತಿಂಗಳಿಗೆ ಅವಳ ಶಾಲೆ ಮುಗಿಯುತ್ತದೆ. ಆಟದ ಅಂಗಳ ಕೇಳುವ ಬದಲು ಹೈಸ್ಕೂಲಿಗೆ ಕಳಿಸಿ ಎಂದು ಕೇಳಬಾರದಿತ್ತೇ?

"ತಲ್ಯಾಗ ಬಂದಿತ್ರಿ," ಎಂದಳು. "ಆದ್ರ ಅದನ್ನ ಕೇಳಿದ್ರ ನನಗೊಬ್ಬಾಕಿಗೆ ಸಿಗತಿತ್ರಿ ಅಕ್ಕೋರ. ಇವರೆಲ್ಲಾ ಅಂಚಿಗೇ ನಿಂತಿದ್ರಲ್ಲ."

ನಾನು ಹಾಡುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದೆ.

ಮರುದಿನ ಶಾಲೆ ಬಿಟ್ಟ ಮೇಲೆ ಮಲ್ಲೇಶಪ್ಪಜ್ಜನ ಮನೆಯ ಕಟ್ಟೆಗೆ ಹೋಗಿ ಕುಳಿತೆ. ಗಿರಿಜಾಳನ್ನು ಹೈಸ್ಕೂಲಿಗೆ ಕಳಿಸಬೇಕೆಂದು ಕೇಳಿದೆ. ಇಲ್ಲ ಎಂದರು. ಬಸ್ಸು ದೂರ, ಜೊತೆಯಿಲ್ಲ, ಆಗುವ ಮಾತಲ್ಲ ಎಂದರು. ಜೊತೆ ಬೇಕೆಂದರೆ ಜೊತೆ ಹುಡುಕೋಣ ಎಂದುಕೊಂಡು ಪರಸಪ್ಪನವರ ಮನೆಗೆ ಹೋದೆ. ಅವರು ಯೋಚಿಸಿ, ಗಿರಿಜಾ ಹೋದರೆ ಸುಜಾತಾಳನ್ನೂ ಕಳಿಸುತ್ತೇನೆ ಎಂದರು. ಮತ್ತೆ ಕಟ್ಟೆಗೆ ಬಂದೆ. ಮತ್ತೆ ಇಲ್ಲ ಎಂದರು, ಆದರೆ ಚಹಾ ತರಿಸಿದರು. ಉಳಿದ ಹತ್ತು ಮನೆಗಳಿಗೂ ಹೋದೆ. ಕೆಲವರು ಬೈದರು, ಒಬ್ಬರು ಬಾಗಿಲು ತೆರೆಯಲಿಲ್ಲ. ಬೇಸಿಗೆ ರಜೆಯಲ್ಲೂ ಧಾರವಾಡದಿಂದ ಬಸ್ಸು ಹತ್ತಿ ಬಂದು ಹೋಗುತ್ತಿದ್ದೆ. ಕಡೆಗೊಂದು ದಿನ ನಾನು ಕಟ್ಟೆಯ ಮೇಲೆ ಕೂರುತ್ತಲೇ ಮಲ್ಲೇಶಪ್ಪಜ್ಜ ನಗಲು ಶುರುಮಾಡಿದರು.

"ಅಕ್ಕೋರ, ಇದು ಕಣಾ ಅಲ್ರಿ. ಇಲ್ಲೆ ನಾ ಇಲ್ಲ ಅನ್ನಾಕ ಬರತೈತಿ."

"ಗೊತ್ತೈತ್ರಿ," ಎಂದೆ. "ಅದಕ್ಕs ಮತ್ತ ಮತ್ತ ಬರಾಕತ್ತೇನಿ."

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಬೆಳಗಿನ ಬಸ್ಸಿಗೆ ಗಿರಿಜಾ, ಸುಜಾತಾ ಸೇರಿ ಐದು ಹುಡುಗಿಯರು ನಿಂತಿದ್ದರು. ಹನ್ನೆರಡರಲ್ಲಿ ಐದು. ಉಳಿದ ಏಳು ಜನರ ಹೆಸರು ನನಗೆ ಇಂದಿಗೂ ಬಾಯಿಪಾಠ. ಆ ಮನೆಗಳಿಗೆ ಇನ್ನೊಂದೆರಡು ಸಲ ಹೋಗಬೇಕಿತ್ತೆಂದು ಅನಿಸದ ವರ್ಷವಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಾಸ್ತರಿಕೆ ಮಾಡಿ ನಿವೃತ್ತಳಾಗಿದ್ದೇನೆ, ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮಕ್ಕಳಿಗೆ ಕೇಳುವ ಅವಕಾಶ ಸಿಗುವುದು ಒಂದು ಸಲ, ಅದನ್ನೂ ಅವರು ಎಷ್ಟೋ ವೇಳೆ ಎಲ್ಲರಿಗಾಗಿ ಖರ್ಚು ಮಾಡಿಬಿಡುತ್ತಾರೆ. ಒಬ್ಬೊಬ್ಬರಿಗಾಗಿ ಮನೆಮನೆಗೆ ಹೋಗಿ ಕೇಳುವುದು, ಇಲ್ಲ ಎಂದರೆ ಮತ್ತೆ ಹೋಗುವುದು, ಅದಕ್ಕಾಗಿಯೇ ನಮಗೆ ಪಗಾರ ಕೊಡುತ್ತಾರೆ.